ಅಂಕಿ ಕೊಡದ ದವಡೆ

ಪುತ್ತೂರಿನಿಂದ ಕಡಬದವರೆಗೆ, ಸುಳ್ಯದಿಂದ ಕಲ್ಲುಗುಂಡಿಯವರೆಗೆ ಕೆದಂಬಾಡಿ ತ್ಯಾಂಪಣ್ಣ ರೈಗಳ ಮುಖ ಕಂಡವರು ಕಡಿಮೆ. ಸ್ವರ ಕೇಳದವರು ಇನ್ನೂ ಕಡಿಮೆ. ಬೊಳುವಾರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಹೈದರನ ಹಳೆಯ ಜೀಪು, ಅದರ ತಲೆಯ ಮೇಲೆ ಎರಡು ಹಾರ್ನ್, ಹಿಂದಿನ ಸೀಟಿನಲ್ಲಿ ಬ್ಯಾಟರಿ, ಮುಂದಿನ ಸೀಟಿನಲ್ಲಿ ಬಿಳಿ ಅಂಗಿ ತೊಟ್ಟು ಮೈಕ್ ಹಿಡಿದ ರೈಗಳು. ಟಾಕೀಸಿಗೆ ಬಂದ ಹೊಸ ಸಿನಿಮಾ, ದನಗಳಿಗೆ ಚುಚ್ಚುಮದ್ದು, ಮಂತ್ರಿಗಳ ಆಗಮನ, ಸೀಮೆಎಣ್ಣೆ ವಿತರಣೆ ಮುಂದೂಡಿದ್ದು, ಎಲ್ಲವೂ ಅವರ ಬಾಯಿಂದ ಒಂದೇ ಗಾಂಭೀರ್ಯದಲ್ಲಿ ಹೊರಡುತ್ತಿದ್ದವು. "ಮಹನೀಯರೇ, ಮಹಿಳೆಯರೇ" ಎಂದು ಅವರು ಎಳೆದು ನಿಲ್ಲಿಸಿದರೆ ತೋಡಿನಲ್ಲಿ ಬಟ್ಟೆ ಒಗೆಯುವವರು ಕೂಡ ಕೈ ನಿಲ್ಲಿಸಿ, ಮುಂದಿನ ಮಾತು ಸೀಮೆಎಣ್ಣೆಯದ್ದೋ ಸಿನಿಮಾದ್ದೋ ಎಂದು ಕಾಯುತ್ತಿದ್ದರು.

ಮಾತಿನ ಅರ್ಥದ ಬಗ್ಗೆ ರೈಗಳು ತಲೆ ಕೆಡಿಸಿಕೊಂಡವರಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ಕಡಿಯಬೇಕು, ಯಾವ ಅಕ್ಷರಕ್ಕೆ ಒತ್ತು ಕೊಡಬೇಕು, ಅವರ ಗಮನವೆಲ್ಲ ಅಷ್ಟರಲ್ಲೇ. ಈ ಗುಣವೇ ಅವರನ್ನು ಒಮ್ಮೆ ಮನೆಯಿಂದ ಹೊರಗೆ ಹಾಕಿತು.

ಕೆದಂಬಾಡಿಯಲ್ಲಿ ಅವರದು ಗೇಣಿಗೆ ಕೊಟ್ಟ ಗದ್ದೆಗಳಿದ್ದ ಮನೆತನ. ಯಜಮಾನಿಕೆ ಸೋದರಮಾವನದು. ಅಳಿಯ ಜೀಪಿನಲ್ಲಿ ಕುಳಿತು ಊರೂರು ಕೂಗುವುದು ಮಾವನಿಗೆ ಮೊದಲೇ ಸೇರುತ್ತಿರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಭೂಮಿಯ ಹೊಸ ಕಾನೂನು ಬಂತು. ಗೇಣಿದಾರರು ಡಿಕ್ಲರೇಶನ್ ಕೊಟ್ಟರೆ ಉಳುವ ನೆಲ ಅವರದ್ದೇ ಆಗುತ್ತದೆ ಎಂಬುದನ್ನು ಹಳ್ಳಿಹಳ್ಳಿಗೆ ತಿಳಿಸಲು ಹೈದರನ ಜೀಪಿಗೆ ಸರಕಾರದ ಬಾಡಿಗೆ ಸಿಕ್ಕಿತು. ರೈಗಳಿಗೆ ಆ ವಾಕ್ಯ ಬಹಳ ಹಿಡಿಸಿತು. "ಗೇಣಿದಾರ ಬಂಧುಗಳೇ, ಇಂದು ನೀವು ಉಳುವ ಭೂಮಿ ನಾಳೆ ನಿಮ್ಮದೇ" ಎಂಬಲ್ಲಿ 'ನಿಮ್ಮದೇ' ಎನ್ನುವುದನ್ನು ಎಷ್ಟು ಎಳೆದರೂ ಅದು ಮುರಿಯುತ್ತಿರಲಿಲ್ಲ.

ಕೆದಂಬಾಡಿಯ ತಿರುವಿಗೆ ಬಂದಾಗ ಹೈದರ್ ಜೀಪು ನಿಧಾನ ಮಾಡಿದ.

"ರೈಗಳೇ, ನಿಮ್ಮ ಊರು. ಬೇಕಾದ್ರೆ ಇಲ್ಲಿ ನಾನು ಹೇಳ್ತೇನೆ."

"ನೀನು ಹೇಳಿದ್ರೆ ಯಾರಿಗೆ ಅರ್ಥ ಆಗ್ತದೆ ಮಾರಾಯ? ಸರಕಾರದ ಕೆಲಸ. ಸರಿಯಾಗಿ ಆಗ್ಬೇಕು."

ಕೆಲಸ ಸರಿಯಾಗಿಯೇ ಆಯಿತು. ಮಾವನ ಒಕ್ಕಲು ಜತ್ತಪ್ಪ ಅದುವರೆಗೆ ಹೆದರಿ ಸುಮ್ಮನಿದ್ದವನು, ಧನಿಗಳ ಮನೆಯವರೇ ಮೈಕಿನಲ್ಲಿ ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ಅದು ಮನೆಯ ಅಪ್ಪಣೆಯೇ ಇರಬೇಕೆಂದು ತಿಳಿದು ಮರುದಿನವೇ ಹೋಗಿ ಡಿಕ್ಲರೇಶನ್ ಕೊಟ್ಟ. ಅವನನ್ನು ನೋಡಿ ಉಳಿದವರೂ ಕೊಟ್ಟರು. ಗದ್ದೆಗಳು ಹೋದವು. ಮಾವ ಕಾನೂನನ್ನು ಬೈಯಲಿಲ್ಲ, ಜತ್ತಪ್ಪನನ್ನೂ ಬೈಯಲಿಲ್ಲ. ಅಳಿಯನೊಡನೆ ಮಾತು ಬಿಟ್ಟರು. ಮಾತೇ ಜೀವನವಾಗಿದ್ದ ರೈಗಳು ಮಾತಿಲ್ಲದ ಮನೆಯಲ್ಲಿ ಒಂದು ಮಳೆಗಾಲ ಕಳೆದು, ಹೆಂಡತಿ ದಮಯಂತಿಯನ್ನು ಕರೆದುಕೊಂಡು ಬೊಳುವಾರಿನ ಬಾಡಿಗೆ ಮನೆಗೆ ಬಂದರು.

ದಮಯಂತಿ ಆಲೆಟ್ಟಿ ಕಡೆಯವಳು. ಹೊಸ ಮನೆಗೆ ಬಂದ ವಾರದಲ್ಲೇ ಪಕ್ಕದ ಮನೆಯ ಹೆಂಗಸರಿಂದ ಬೀಡಿ ಕಟ್ಟಲು ಕಲಿತು, ಮಡಿಲಲ್ಲಿ ತಡ್ಪೆಯೆಂಬ ಮೊರ ಇಟ್ಟುಕೊಂಡು ಕುಳಿತಳು. "ನೀವು ಕೂಗಿ ಊರಿಗೆಲ್ಲ ಜಾಗ ಕೊಡಿಸಿದ್ರಿ. ನಮಗೆ ಒಂದು ಅಡಿಗೆಕೋಣೆ ದೊಡ್ಡದು ಸಿಕ್ತದಾ ನೋಡಿ" ಎಂದಳು. ಅದು ಸಿಗಲಿಲ್ಲ.

ರೈಗಳ ಬಾಯಿಗೆ ಎರಡು ಚಟ. ಒಂದು ಮಾತು, ಇನ್ನೊಂದು ವೀಳ್ಯ. ಮೀಸೆ ಮೂಡುವ ಮೊದಲೇ ಶುರುವಾದ ಎಲೆ, ಅಡಿಕೆ, ಸುಣ್ಣ, ಒಂದು ಎಸಳು ಹೊಗೆಸೊಪ್ಪು. ಐವತ್ತರ ಹೊತ್ತಿಗೆ ಒಸಡು ಸಡಿಲಾಗಿ ಹಲ್ಲುಗಳು ಒಂದೊಂದಾಗಿ ಕೈಗೆ ಬರತೊಡಗಿದವು. ಉಳಿದವನ್ನು ಸರಕಾರಿ ಆಸ್ಪತ್ರೆಯಲ್ಲಿ ಕೀಳಿಸಿ, ಪೇಟೆಯಲ್ಲಿ ಹಲ್ಲಿನ ಸೆಟ್ ಕಟ್ಟಿಸಿಕೊಂಡರು. ಮೇಲಿನ ಸೆಟ್ ಅಂಗುಳಕ್ಕೆ ಕಚ್ಚಿ ನಿಂತಿತು. ಕೆಳಗಿನದಕ್ಕೆ ಕಚ್ಚಲು ಏನೂ ಇರಲಿಲ್ಲ. ಹಲ್ಲು ಹೋದ ಮೇಲೆ ದವಡೆಯ ದಿಣ್ಣೆಯೇ ಕರಗಿ ನೆಲಸಮವಾಗಿತ್ತು. ಸೆಟ್ಟು ನಾಲಗೆಯ ಜೊತೆ ಎದ್ದು, ನಾಲಗೆಯ ಜೊತೆ ಕುಳಿತುಕೊಳ್ಳುತ್ತಿತ್ತು. ಮನೆಯಲ್ಲಾದರೆ ಅದು ರೈಗಳ ಕಷ್ಟ ಮಾತ್ರ. ಜೀಪಿನಲ್ಲಿ ಅದರ ಟಕಟಕ ಎರಡು ಹಾರ್ನುಗಳಿಂದ ಹೊರಟು ಗುಡ್ಡದಾಚೆಗೂ ಕೇಳುತ್ತಿತ್ತು. 'ಸುಳ್ಯ' ಎನ್ನಹೋದರೆ ಮೊದಲು ಒಂದು ಸಿಳ್ಳು, ಆಮೇಲೆ ಊರು.

ಎಂಬತ್ತಮೂರರ ಜನವರಿಯ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ಜೀಪು ಕಡಬಕ್ಕೆ ಹೋಗಿತ್ತು. ಪೇಟೆಯಲ್ಲಿ ಒಳ್ಳೆಯ ಜನ. ರೈಗಳಿಗೆ ಉತ್ಸಾಹ ಬಂತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಈ ಭ್ರಷ್ಟ ಆಡಳಿತವನ್ನು ಕಿತ್ತೆಸೆಯಿರಿ" ಎಂದು 'ಭ್ರ'ಕ್ಕೆ ಪೂರ್ತಿ ಒತ್ತು ಕೊಟ್ಟರು. ಕಿತ್ತು ಎಸೆದದ್ದು ಅವರ ಕೆಳಗಿನ ಸೆಟ್ಟು. ಅದು ಗಾಳಿಯಲ್ಲಿ ಹಾರಿ, ರಸ್ತೆ ಬದಿಯಲ್ಲಿ ಕೋಳಿಮೊಟ್ಟೆ ಮಾರುತ್ತಿದ್ದ ಕದೀಜಮ್ಮನ ಬುಟ್ಟಿಯ ಹುಲ್ಲಿನ ಮೇಲೆ ಬಿತ್ತು. ಕದೀಜಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದು ಯಾರದ್ದು?" ಎಂದು ಕೇಳಿದಳು. ಮೈಕ್ ಇನ್ನೂ ಚಾಲೂ ಇತ್ತು, ಅದರಿಂದ ಬರಿಯ ಗಾಳಿ ಬರುತ್ತಿತ್ತು. ಎದುರು ಪಕ್ಷದವನೊಬ್ಬ ಚಾದಂಗಡಿಯ ಬೆಂಚಿನಿಂದಲೇ, "ವೋಟು ಬೀಳುವ ಮೊದಲೇ ಠೇವಣಿ ಹೋಯ್ತು" ಎಂದ. ಕಡಬದ ಪೇಟೆ ಅಷ್ಟು ನಕ್ಕದ್ದು ಆ ವರ್ಷ ಅದೊಂದೇ ಸಲ. ಅಭ್ಯರ್ಥಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಹೇಳಲು ಸುಲಭವಾದದ್ದು ರೈಗಳ ಹಲ್ಲೇ ಆಯಿತು.

ಸುದ್ದಿ ಕೆದಂಬಾಡಿಗೂ ಮುಟ್ಟಿತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮಾವ ಮುಂದಿನ ಶುಕ್ರವಾರ ಪುತ್ತೂರಿಗೆ ಬಂದವರು ನೇರವಾಗಿ ಹೈದರನ ಅಂಗಡಿಗೆ ಹೋಗಿ, ಅಳಿಯನನ್ನು ಕಂಡು, "ಹಲ್ಲು ಸಿಕ್ಕಿತಾ?" ಎಂದು ಕೇಳಿ, ನಕ್ಕು, ಅಂದಿನಿಂದ ಮಾತಾಡತೊಡಗಿದರು. ಭೂಮಿ ಹೋದ ಸಿಟ್ಟು ಮೊಟ್ಟೆ ಬುಟ್ಟಿಯಲ್ಲಿ ಮುಗಿದದ್ದು ಕಂಡು ದಮಯಂತಿಗೆ ಸಮಾಧಾನವಾಯಿತು. ರೈಗಳಿಗೆ ಆಗಲಿಲ್ಲ. ಅವರು ಆಮೇಲೆ ಮೈಕ್ ಹಿಡಿಯಲಿಲ್ಲ. ಅಂಗಡಿಯಲ್ಲಿ ವಯರು ಸುತ್ತುತ್ತ, ಮದುವೆ ಮನೆಗಳ ಬಲ್ಬಿನ ಮಾಲೆ ಬಿಡಿಸುತ್ತ ಕುಳಿತರು. ಜೀಪಿನಲ್ಲಿ ಒಬ್ಬ ಹೊಸಬ ಸಿನಿಮಾ ನಟರ ಹಾಗೆ ಮೂಗಿನಲ್ಲಿ ಕೂಗಿಕೊಂಡು ಹೋಗುತ್ತಿದ್ದ. ಅವನು ಒತ್ತು ಕೊಡುವ ಅಕ್ಷರಗಳೆಲ್ಲ ತಪ್ಪು. ರೈಗಳು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ, ಸುಮ್ಮನೆ ಒಳಗೆ ಹೋಗುತ್ತಿದ್ದರು.

ಕಡಬದಲ್ಲಿ ಆ ದಿನ ಸೆಟ್ಟನ್ನು ಕದೀಜಮ್ಮನ ಕೈಯಿಂದ ಇಸಿದುಕೊಂಡು, ಹೋಟೆಲಿನ ನೀರಿನಲ್ಲಿ ತೊಳೆದು, ಕರವಸ್ತ್ರದಲ್ಲಿಟ್ಟು ರೈಗಳಿಗೆ ತಂದುಕೊಟ್ಟವನು ಒಬ್ಬ ಯುವಕ. ಹೆಸರು ಪ್ರೇಮನಾಥ. ಕಡಬದವನೇ, ಕರಾವಳಿಯ ಒಂದು ದಂತ ಕಾಲೇಜಿನಲ್ಲಿ ಕಲಿತು ಅಲ್ಲೇ ಇದ್ದ. ಅಂದು ಜೀಪಿನ ಮರೆಯಲ್ಲಿ ರೈಗಳ ಬಾಯಿ ತೆರೆಸಿ ನೋಡಿ, "ಇದರಲ್ಲಿ ಹಿಡಿಯಲಿಕ್ಕೆ ಎಂತದ್ದೂ ಇಲ್ಲ" ಎಂದು ಬೇಸರಪಟ್ಟಿದ್ದ. ಎರಡು ವರ್ಷದ ಮೇಲೆ ಅವನೇ ಬೊಳುವಾರಿನ ಮನೆ ಹುಡುಕಿಕೊಂಡು ಬಂದ. ಕಿಸೆಯಿಂದ ಒಂದು ಗಾಜಿನ ಸಣ್ಣ ಕುಪ್ಪಿ ತೆಗೆದ. ಅದರೊಳಗೆ ಬೂದು ಬಣ್ಣದ ಒಂದು ಸ್ಕ್ರೂ. ಗಡಿಯಾರ ರಿಪೇರಿಯವನ ಹತ್ತಿರ ಇರುವುದಕ್ಕಿಂತ ಸ್ವಲ್ಪ ದೊಡ್ಡದು.

"ಟೈಟಾನಿಯಂ ಅಂತ ಒಂದು ಲೋಹ ರೈಗಳೇ. ದವಡೆಯ ಎಲುಬಿಗೆ ಇದನ್ನು ಕೂರಿಸಿ ಒಸಡು ಹೊಲಿದು ಬಿಡುದು. ನಾಲ್ಕು ತಿಂಗಳು ಸುಮ್ಮನಿದ್ರೆ ಎಲುಬೇ ಬೆಳೆದು ಬಂದು ಇದನ್ನು ಹಿಡ್ಕೊಳ್ತದೆ. ಅಂಟು ಬೇಡ, ಎಂತದ್ದೂ ಬೇಡ. ಆಮೇಲೆ ಅದರ ಮೇಲೆ ನಿಮ್ಮ ಸೆಟ್ಟನ್ನು ಗುಂಡಿಯ ಹಾಗೆ ಒತ್ತಿ ಕೂರಿಸುದು."

"ಹಾರುದಿಲ್ಲವಾ?" ರೈಗಳು ಕೇಳಿದರು.

"ನೀವು ಹಾರಿದ್ರೂ ಅದು ಹಾರುದಿಲ್ಲ."

ದಮಯಂತಿ ಬೀಡಿ ಎಲೆ ಕತ್ತರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು. "ಒಳಗೆ ಎಲುಬು ಹಿಡಿದಿದೆ ಅಂತ ಹೊರಗಿನಿಂದ ಗೊತ್ತಾಗುದು ಹೇಗೆ?"

ಪ್ರೇಮನಾಥನಿಗೆ ಖುಷಿಯಾಯಿತು. "ಅದೇ ಅಕ್ಕ, ನನ್ನ ಥೀಸಿಸ್ ಅದೇ. ಎಷ್ಟು ಗಟ್ಟಿ ಹಿಡಿದಿದೆ ಅಂತ ಅಳತೆ ಮಾಡುದು. ರೈಗಳಿಗೆ ಮೂರು ಸ್ಕ್ರೂ ಹಾಕ್ತೇನೆ. ಎರಡು ಅವರಿಗೆ, ಒಂದು ನನಗೆ."

"ನಿಮಗೆ ಅಂದ್ರೆ?"

"ವರ್ಷ ಕಳೆದ ಮೇಲೆ ಆ ಒಂದನ್ನು ಹಿಂದಕ್ಕೆ ತಿರುಗಿಸಿ ತೆಗೆಯುದು. ಅದಕ್ಕೊಂದು ಅಳತೆಯ ವ್ರೆಂಚು ಉಂಟು, ಮುಳ್ಳು ಇರುವಂಥದ್ದು. ಯಾವ ಗೆರೆಗೆ ಬಂದಾಗ ಎಲುಬು ಬಿಟ್ಟಿತೋ ಅದೇ ಅದರ ಹಿಡಿತ."

ದಮಯಂತಿಯ ಕತ್ತರಿ ನಿಂತಿತು. "ಹಿಡಿದಿದೆಯಾ ಅಂತ ನೋಡ್ಲಿಕ್ಕೆ ಬಿಡಿಸಿ ನೋಡುದಾ?"

"ಬೇರೆ ದಾರಿ ಇನ್ನೂ ಯಾರಿಗೂ ಸರಿಯಾಗಿ ಸಿಕ್ಕಿಲ್ಲ ಅಕ್ಕ," ಎಂದು ಪ್ರೇಮನಾಥ ಒಪ್ಪಿಕೊಂಡ. ಆಮೇಲೆ ರೈಗಳ ಕಡೆ ತಿರುಗಿ, "ಒಂದು ಷರತ್ತು. ವೀಳ್ಯ ಪೂರ್ತಿ ಬಿಡ್ಬೇಕು. ಅಡಿಕೆ, ಹೊಗೆಸೊಪ್ಪು ಇದ್ದಲ್ಲಿ ಎಲುಬು ಸರಿಯಾಗಿ ಹಿಡಿಯುದಿಲ್ಲ ಅಂತ ನನ್ನ ಅಂದಾಜು. ತಿನ್ನುವವರದ್ದು ಒಂದು ಗುಂಪು, ಬಿಟ್ಟವರದ್ದು ಇನ್ನೊಂದು. ನೀವು ಬಿಟ್ಟವರ ಗುಂಪಿಗೆ," ಎಂದ.

ರೈಗಳು ಎದೆಯ ಮೇಲೆ ಕೈಯಿಟ್ಟರು. "ಬಿಟ್ಟೆ," ಎಂದರು. 'ಟ್ಟೆ'ಗೆ ಅವರು ಕೊಟ್ಟ ಒತ್ತು ಎಷ್ಟು ಚೆನ್ನಾಗಿತ್ತೆಂದರೆ, ಹೇಳಿದ ಅವರಿಗೇ ಅದು ನಿಜವೆನಿಸಿತು.

ಎಂಬತ್ತೈದರ ಬೇಸಗೆಯಲ್ಲಿ ಕಾಲೇಜಿನ ಕುರ್ಚಿಯಲ್ಲಿ ಮೂರು ಸ್ಕ್ರೂ ಕೂರಿಸಿದರು. ಮುಖ ಹಲಸಿನ ಹಣ್ಣಿನಷ್ಟು ಊದಿಕೊಂಡಿತು. ಒಂದು ತಿಂಗಳು ಗಂಜಿ, ಬರಿಯ ಗಂಜಿ. ರೈಗಳು ವೀಳ್ಯವಿಲ್ಲದೆ ಇದ್ದದ್ದು ಆ ಒಂದು ತಿಂಗಳು. ಆಮೇಲೆ ಹೈದರನ ಅಂಗಡಿಯ ಹಿಂಬದಿಯಲ್ಲಿ, ಹಳೆಯ ಆಂಪ್ಲಿಫಯರುಗಳ ನಡುವೆ ಒಂದು ಪುಟ್ಟ ಕುಟ್ಟಾಣಿ ಬಂದು ಕುಳಿತಿತು. ಜಗಿಯುವುದು ಬೇಡವೆಂದು ಡಾಕ್ಟರು ಹೇಳಿದ್ದಾರೆ, ಕುಟ್ಟಿದ್ದನ್ನು ಬಾಯಲ್ಲಿ ಸುಮ್ಮನೆ ಇಟ್ಟುಕೊಂಡರೆ ಅದು ಜಗಿದಂತೆ ಆಗುವುದಿಲ್ಲ, ಎಂದು ರೈಗಳು ತಮಗೇ ಒಂದು ವಾಕ್ಯ ಕಟ್ಟಿಕೊಂಡಿದ್ದರು. ಹೈದರ್ ಕುಟ್ಟಾಣಿಯ ಸದ್ದು ಕೇಳಿಯೂ ಕೇಳದವನಂತೆ ಇರುತ್ತಿದ್ದ.

ನಾಲ್ಕು ತಿಂಗಳ ಮೇಲೆ ಒಸಡು ಬಿಡಿಸಿ ನೋಡಿದರು. ಪ್ರೇಮನಾಥ ಕನ್ನಡಿಯ ಹಿಡಿಯಿಂದ ಸ್ಕ್ರೂವಿನ ತಲೆಗೆ ಮೆಲ್ಲನೆ ತಟ್ಟಿದ. ಖಣ್ ಎಂದಿತು. ಇನ್ನೊಂದಕ್ಕೆ ತಟ್ಟಿದ, ಖಣ್. ಎಲುಬು ಹಿಡಿದಿದ್ದರೆ ಕಂಚಿನ ಸದ್ದು, ಹಿಡಿಯದಿದ್ದರೆ ಕೊಳೆತ ಮರದ ಸದ್ದು ಎಂದು ಅವನು ವಿವರಿಸಿದ. ಹಾಗಾದರೆ ಅಳತೆ ಆಯಿತಲ್ಲ ಎಂದು ರೈಗಳು ಕೇಳಿದರೆ ತಲೆಯಲ್ಲಾಡಿಸಿದ. "ಇದು ಕಿವಿಯ ಮಾತು ರೈಗಳೇ. ನನ್ನ ಪ್ರೊಫೆಸರು ಕಿವಿಯನ್ನು ನಂಬುದಿಲ್ಲ. ಅವರಿಗೆ ಅಂಕಿ ಬೇಕು."

ಸೆಟ್ಟು ಗುಂಡಿ ಹಾಕಿದ ಹಾಗೆ ಟಪ್ಪೆಂದು ಕೂತಿತು. ಆ ಸಂಜೆ ರೈಗಳು ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಹೈದರನ ಅಂಗಡಿಗೆ ಹೋಗಿ, ಮೈಕ್ ಎತ್ತಿಕೊಂಡು, ಅಂಗಡಿಯ ಮುಂದಿನ ಹಾರ್ನಿನಲ್ಲಿ ಒಂದೇ ಒಂದು ಸಲ "ಸುಳ್ಯ" ಎಂದರು. ಸಿಳ್ಳು ಇಲ್ಲ, ಟಕಟಕ ಇಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಸುಳ್ಯದ ಬಸ್ಸು ಬಂತೆಂದು ತಿರುಗಿ ನೋಡಿದರು. ಹೈದರ್ ಹೋಗಿ ಎರಡು ಚಾ ತಂದ.

ಜೀಪಿಗೆ ಮರಳಿದ ರೈಗಳಿಗೆ ಒಂದು ವರ್ಷ ಒಳ್ಳೆಯದಾಗಿಯೇ ಕಳೆಯಿತು. ಪ್ರೇಮನಾಥ ಊರಿಗೆ ಬರುವ ಭಾನುವಾರಗಳಲ್ಲಿ ಅಂಗಡಿಯಲ್ಲೇ ಇಳಿದು ಅವರ ಸ್ಕ್ರೂಗಳಿಗೆ ತಟ್ಟಿ ಹೋಗುತ್ತಿದ್ದ. ಒಮ್ಮೆ ಹೈದರನಿಗೆ ಆಸೆಯಾಗಿ ಮೈಕನ್ನು ರೈಗಳ ಬಾಯಿಯ ಹತ್ತಿರ ಹಿಡಿದ. ಪ್ರೇಮನಾಥ ತಟ್ಟಿದ. ಬೊಳುವಾರಿನ ರಸ್ತೆಗೆಲ್ಲ ಖಣ್ ಎಂದು ಕೇಳಿತು. ಎದುರಿನ ಶಾಲೆಯ ಮಾಸ್ತರರೊಬ್ಬರು ಭಾನುವಾರ ಗಂಟೆ ಹೊಡೆದವರು ಯಾರೆಂದು ವಿಚಾರಿಸಲು ಬಂದರು.

ಆದರೆ ವರ್ಷ ತುಂಬುತ್ತ ಬಂದಂತೆ ರೈಗಳಿಗೆ ಒಳಗೊಳಗೇ ಪುಕುಪುಕು. ಮೂರನೆಯ ಸ್ಕ್ರೂ ತಿರುಗಿಸುವ ದಿನ ಹತ್ತಿರ ಬರುತ್ತಿತ್ತು. ಅಡಿಕೆ ತಿನ್ನುವವರ ಎಲುಬು ಹಿಡಿಯುವುದಿಲ್ಲವೆಂದು ಪ್ರೇಮನಾಥನೇ ಹೇಳಿದ್ದಾನೆ. ವ್ರೆಂಚು ಮುಟ್ಟಿದೊಡನೆ ಸ್ಕ್ರೂ ಸುರುಸುರು ಬಂದುಬಿಟ್ಟರೆ, ಕುಟ್ಟಾಣಿಯ ಸಂಗತಿ ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟು ದೂರದಿಂದ ಮನೆ ಹುಡುಕಿಕೊಂಡು ಬಂದವನ ಮುಖ ಆಗ ಹೇಗಿರುತ್ತದೆ ಎಂದು ನೆನೆದು ಅವರು ವೀಳ್ಯ ಬಿಡಲು ಎರಡು ಸಲ ಪ್ರಯತ್ನಿಸಿದರು. ಎರಡೂ ಸಲ ಮಧ್ಯಾಹ್ನದ ಊಟದವರೆಗೆ ಬಾಳಿತು.

"ಹೋಗುದು ಬೇಡ ಅಂತ ಹೇಳಿಬಿಡ್ಲಾ?" ಎಂದು ಹೆಂಡತಿಯನ್ನು ಕೇಳಿದರು.

"ಮಾತು ಕೊಟ್ಟಿದ್ದೀರಿ."

"ಎರಡು ಮಾತು ಕೊಟ್ಟಿದ್ದೆ ಮಾರಾಯ್ತಿ."

"ಒಂದಾದ್ರೂ ಉಳಿಸಿ," ಎಂದಳು ದಮಯಂತಿ. ಅಂಗಿಯ ಕಿಸೆಯ ಕೆಂಪು ಕಲೆಗಳನ್ನು ವರ್ಷವಿಡೀ ಒಗೆದವಳು ಅವಳೇ.

ಅಳತೆಯ ದಿನ ಕಾಲೇಜಿನ ಕೋಣೆಯಲ್ಲಿ ಹತ್ತಾರು ಮಂದಿ ವಿದ್ಯಾರ್ಥಿಗಳು. ಪ್ರೊಫೆಸರು ಕೈ ಹಿಂದೆ ಕಟ್ಟಿ ನಿಂತಿದ್ದರು. ದಮಯಂತಿ ಬಾಗಿಲ ಹತ್ತಿರ ಸ್ಟೂಲಿನಲ್ಲಿ. ಇಂಜೆಕ್ಷನ್ ಕೊಟ್ಟು ಬಾಯಿ ಮರಗಟ್ಟಿದ ಮೇಲೆ ಪ್ರೇಮನಾಥ ವ್ರೆಂಚು ಹಿಡಿದು, ಮೂರನೆಯ ಸ್ಕ್ರೂವಿಗೆ ಸಿಕ್ಕಿಸಿ, ನಿಧಾನವಾಗಿ ಹಿಂದಕ್ಕೆ ತಿರುಗಿಸಿದ. ರೈಗಳು ಕಣ್ಣು ಮುಚ್ಚಿಕೊಂಡರು.

ಸ್ಕ್ರೂ ತಿರುಗಲಿಲ್ಲ. ರೈಗಳ ತಲೆ ತಿರುಗಿತು.

"ತಲೆ ಹಿಡ್ಕೊಳ್ಳಿ," ಎಂದರು ಪ್ರೊಫೆಸರು. ಒಬ್ಬ ವಿದ್ಯಾರ್ಥಿ ತಲೆ ಹಿಡಿದ, ಇನ್ನೊಬ್ಬ ಗದ್ದ ಹಿಡಿದ. ಪ್ರೇಮನಾಥ ಮತ್ತೆ ತಿರುಗಿಸಿದ. ಮುಳ್ಳು ಗೆರೆ ಗೆರೆಯಾಗಿ ಮೇಲೇರಿತು. ಮೂರನೆಯ ಸಲ ಕುರ್ಚಿಯೇ ಸ್ವಲ್ಪ ತಿರುಗಿತು. ಪ್ರೇಮನಾಥನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಳ್ಳು ಕೊನೆಯ ಗೆರೆ ದಾಟಿ, ಅಂಚಿಗೆ ಬಡಿದು, ಅಲ್ಲೇ ನಿಂತಿತು. ಸ್ಕ್ರೂ ಇದ್ದಲ್ಲಿಯೇ ಇತ್ತು.

"ಸಾಕು," ಎಂದಳು ದಮಯಂತಿ ಬಾಗಿಲಿನಿಂದ. "ಸ್ಕ್ರೂ ತೆಗೆಯಲಿಕ್ಕೆ ಹೋಗಿ ದವಡೆ ಮುರಿದ್ರೆ ಅದಕ್ಕೆ ಯಾವ ಮುಳ್ಳು ಉಂಟು?"

ಪ್ರೊಫೆಸರು ಅವಳ ಕಡೆ ನೋಡಿದರು. ಆಮೇಲೆ ಪ್ರೇಮನಾಥನಿಗೆ ಕೈಸನ್ನೆ ಮಾಡಿದರು. ವ್ರೆಂಚು ಕೆಳಗಿಳಿಯಿತು. ಸ್ಕ್ರೂವಿನ ತಲೆಗೆ ಸಣ್ಣ ಮುಚ್ಚಳ ಹಾಕಿ, ಒಸಡು ಹೊಲಿದು, ಅದನ್ನು ಇದ್ದಲ್ಲೇ ಬಿಟ್ಟರು. ರೈಗಳಿಗೆ ಹೊರಗೆ ಬಂದ ಮೇಲೆ ಮೊದಲು ಸಮಾಧಾನ, ಆಮೇಲೆ ಗರ್ವ. ಮರಗಟ್ಟಿದ ತುಟಿಯಲ್ಲೇ, "ಕಂಡಿಯಾ?" ಎಂದು ಹೆಂಡತಿಯನ್ನು ಕೇಳಿದರು. ಬಸ್ಸಿನಲ್ಲಿ ಪುತ್ತೂರು ಮುಟ್ಟುವಷ್ಟರಲ್ಲಿ, ಜಗತ್ತಿನಲ್ಲಿ ತನ್ನಷ್ಟು ಗಟ್ಟಿ ದವಡೆ ಇನ್ನೊಬ್ಬರಿಗಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು.

ಎಂಬತ್ತೇಳರಲ್ಲಿ ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರುಗಳ ಒಂದು ಸಮ್ಮೇಳನ. ಪ್ರೇಮನಾಥ ತನ್ನ ಸಂಶೋಧನೆ ಮಂಡಿಸುವವನಿದ್ದ. ಸ್ಕ್ರೂ ಹಾಕಿಸಿಕೊಂಡವರಿಗೂ ಆಮಂತ್ರಣ, ಊಟಕ್ಕೆ ಕೂಪನ್. ರೈಗಳು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ದಮಯಂತಿಗೆ ಹೊಸ ಸೀರೆ ಉಡಿಸಿ ಹೋದರು. ವೇದಿಕೆಗೆ ಕರೆದು ಎರಡು ಮಾತು ಹೇಳಿಸಿದರೆ ಇರಲಿ ಎಂದು ಒಂದು ಸಣ್ಣ ಭಾಷಣ ಬಾಯಿಪಾಠ ಮಾಡಿಕೊಂಡಿದ್ದರು. ಮುಂದಿನ ಸಾಲಿನಲ್ಲಿಯೇ ಜಾಗ ಸಿಕ್ಕಿತು.

ದೀಪ ಆರಿಸಿ ಪರದೆಯ ಮೇಲೆ ಸ್ಲೈಡು ತೋರಿಸಿದರು. ಪ್ರೇಮನಾಥ ಇಂಗ್ಲಿಷಿನಲ್ಲಿ ಮಾತಾಡಿದ. ರೈಗಳಿಗೆ ಅರ್ಥವಾಗದಿದ್ದರೂ ಅವನು ಒತ್ತು ಕೊಡುವುದು ಪರವಾಗಿಲ್ಲ ಎನಿಸಿತು. ದವಡೆಗಳ ಚಿತ್ರ ಬಂತು, ಅಂಕಿಗಳ ಸಾಲು ಬಂತು. ಪಕ್ಕದಲ್ಲಿ ಕಾಲೇಜಿನದೇ ಒಬ್ಬಳು ವಿದ್ಯಾರ್ಥಿನಿ ಕುಳಿತಿದ್ದಳು. ಅವರು ಅವಳ ಕಡೆ ಬಾಗಿ, "ಇದರಲ್ಲಿ ನನ್ನದು ಯಾವುದು ಮಗಾ?" ಎಂದು ಕೇಳಿದರು.

ಅವಳು ಹೆಸರು ಕೇಳಿಕೊಂಡು, ಕೈಯಲ್ಲಿದ್ದ ಕಾಗದ ನೋಡಿ, "ನಿಮ್ಮದು ಇದರಲ್ಲಿ ಇಲ್ಲ ಅಂಕಲ್. ನಿಮ್ಮದನ್ನು ಬಿಟ್ಟಿದ್ದಾರೆ," ಎಂದಳು.

"ಯಾಕೆ?"

"ನಿಮ್ಮ ಸ್ಕ್ರೂ ಬರಲಿಲ್ಲ ಅಲ್ವಾ. ಬಂದ್ರೆ ಮಾತ್ರ ಅಂಕಿ ಸಿಗುದು. ನಿಮ್ಮ ಹಾಗೆ ಇನ್ನೂ ನಾಲ್ಕೈದು ಮಂದಿಯದ್ದು ಬರಲಿಲ್ಲ. ಅವರನ್ನೂ ಬಿಟ್ಟಿದ್ದಾರೆ."

ರೈಗಳು ಪರದೆಯನ್ನೇ ನೋಡಿದರು. ಅಲ್ಲಿದ್ದವೆಲ್ಲ ಸೋತ ಸ್ಕ್ರೂಗಳು. ಸ್ವಲ್ಪ ಬಲಕ್ಕೆ ಬಿಟ್ಟುಕೊಟ್ಟವು, ಇನ್ನು ಸ್ವಲ್ಪ ಬಲಕ್ಕೆ ಬಿಟ್ಟುಕೊಟ್ಟವು, ಎಲ್ಲವೂ ಅಂಕಿ ಪಡೆದು ಶಿಸ್ತಿನಲ್ಲಿ ಸಾಲಾಗಿ ನಿಂತಿದ್ದವು. ಬಿಟ್ಟುಕೊಡದವುಗಳಿಗೆ ಅಲ್ಲಿ ಜಾಗವಿರಲಿಲ್ಲ. ಕೊನೆಯ ಸ್ಲೈಡು ಬಂದಾಗ ಪ್ರೊಫೆಸರು ಎದ್ದು, ಊರಿನವರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಸಾರ ಹೇಳಿದರು. ನಮ್ಮ ಜಿಲ್ಲೆಯ ಜನರ ಎಲುಬಿನ ಹಿಡಿತ ಸಾಧಾರಣ ಮಟ್ಟದ್ದು. ಅಡಿಕೆ ಜಗಿಯುವವರಲ್ಲಂತೂ ತೀರಾ ಕಡಿಮೆ. ಅವರಿಗೆ ಈ ಚಿಕಿತ್ಸೆ ಪ್ರಯೋಜನವಿಲ್ಲವೆಂದೇ ಹೇಳಬೇಕು.

ಸಭೆ ಚಪ್ಪಾಳೆ ತಟ್ಟಿತು. ರೈಗಳ ಬಾಯಿ ತೆರೆಯಿತು. ಏಳಬೇಕು, ಎದ್ದು, "ಮಹನೀಯರೇ" ಎಂದು ಎಳೆಯಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಮೀಸೆ ಮೂಡುವ ಮೊದಲಿನಿಂದ ಅಡಿಕೆ ತಿಂದ ಎಲುಬು ಇಲ್ಲಿ ಕುಳಿತಿದೆ, ಬನ್ನಿ, ತಿರುಗಿಸಿ ನೋಡಿ ಎನ್ನಬೇಕಿತ್ತು. ಆದರೆ ಹಾಗೆ ಹೇಳಿದರೆ ವೀಳ್ಯ ಬಿಟ್ಟೆನೆಂದು ಎದೆ ಮುಟ್ಟಿ ಹೇಳಿದ್ದು ಏನಾಗುತ್ತದೆ? ಪ್ರೇಮನಾಥನ ಮುಂದೆ, ಅವನ ಪ್ರೊಫೆಸರರ ಮುಂದೆ, ಇಷ್ಟು ಜನರ ಮುಂದೆ? ಅವರು ಬಾಯಿ ಮುಚ್ಚಿಕೊಂಡರು. ಹಲ್ಲು ಗಟ್ಟಿಯಾದ ಮೇಲೆ, ಎದುರಿಗೆ ಮೈಕ್ ಇದ್ದೂ ಅವರು ಸುಮ್ಮನೆ ಕುಳಿತದ್ದು ಅದೇ ಮೊದಲು. ದಮಯಂತಿ ಅವರ ಮಂಡಿಯ ಮೇಲೆ ಕೈಯಿಟ್ಟು, "ಊಟದ ಕೂಪನ್ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

ಊಟದ ಸಾಲಿನಲ್ಲಿ ಪ್ರೇಮನಾಥ ತಾನಾಗಿಯೇ ಬಂದ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ರೈಗಳೇ, ನಿಮ್ಮದನ್ನು ಸೇರಿಸಲಿಕ್ಕೆ ನಾನು ತುಂಬ ಹೇಳಿದೆ. ಪ್ರೊಫೆಸರು ಒಪ್ಪಲಿಲ್ಲ. ಸಂಖ್ಯೆ ಇಲ್ಲದ್ದನ್ನು ಕೂಡಿಸಿ ಭಾಗಿಸುದು ಹೇಗೆ ಅಂತ ಕೇಳಿದ್ರು."

ರೈಗಳು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಡಾಕ್ಟ್ರೇ, ಒಂದು ವಿಷಯ ಉಂಟು. ನಾನು ವೀಳ್ಯ ಬಿಟ್ಟಿರ್ಲಿಲ್ಲ."

ಪ್ರೇಮನಾಥ 'ಆಂ?' ಎಂದ.

"ಒಂದು ತಿಂಗಳು ಬಿಟ್ಟಿದ್ದೆ. ಆಮೇಲೆ ಇಲ್ಲ. ನಿನ್ನೆ ಕೂಡ ತಿಂದಿದ್ದೇನೆ."

ಪ್ರೇಮನಾಥ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. ಹಿಂದಿನವರು ಮುಂದೆ ಹೋಗಿ ಎಂದು ತಳ್ಳಿದರು. "ಅಂದ್ರೆ ಅಡಿಕೆ ತಿನ್ನುವವರ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಹಿಡಿದದ್ದು ನಿಮ್ಮದು," ಎಂದ ಮೆಲ್ಲನೆ. "ನನ್ನ ಥೀಸಿಸ್ಸೇ ತಿರುಗಾಮುರುಗಾ ಆಗ್ತಿತ್ತು."

"ಈಗ ಸೇರಿಸ್ಲಿಕ್ಕೆ ಆಗ್ತದಾ?"

"ಅಂಕಿ ಇಲ್ಲವಲ್ಲ ರೈಗಳೇ." ಆಮೇಲೆ ಅವನ ಕಣ್ಣು ಹೊಳೆಯಿತು. "ದೊಡ್ಡ ಅಳತೆಯ ವ್ರೆಂಚೊಂದು ಈಗ ಬಂದಿದೆಯಂತೆ. ತರಿಸಿದ್ರೆ, ಒಂದು ದಿನ ನೀವು ಬರುದಾದ್ರೆ..."

"ಪುತ್ತೂರಿನ ಬಸ್ಸಿಗೆ ಹೊತ್ತಾಯ್ತು," ಎಂದಳು ದಮಯಂತಿ. ಗಂಡ ಹೆಂಡತಿ ಪಾಯಸ ತಿನ್ನದೆ ಹೊರಟರು.

ಪ್ರೇಮನಾಥನಿಗೆ ಪದವಿ ಸಿಕ್ಕಿತು. ಮುಂದಿನ ವರ್ಷ ಅವನು ಪುತ್ತೂರಿನಲ್ಲೇ ಬೋರ್ಡು ಹಾಕಿ ಕುಳಿತ. ಅಡಿಕೆ ತಿನ್ನುವವರು ಬಂದರೆ, ಥೀಸಿಸ್ಸಿನಲ್ಲಿ ತಾನೇ ಬರೆದದ್ದನ್ನು ಬದಿಗಿಟ್ಟು, "ನೋಡುವ, ಹಿಡಿದ್ರೆ ಹಿಡೀತದೆ" ಎನ್ನುತ್ತಿದ್ದನಂತೆ. ಅವನ ಬಗ್ಗೆ ರೈಗಳಿಗೆ ಬೇಸರ ಉಳಿಯಲಿಲ್ಲ. ತಿಂಗಳಿಗೊಮ್ಮೆ ಹೋಗಿ ತಟ್ಟಿಸಿಕೊಂಡು ಬರುತ್ತಿದ್ದರು. ಆ ಸದ್ದು ಕೇಳದಿದ್ದರೆ ಅವರಿಗೆ ಏನೋ ಬಾಕಿ ಉಳಿದಂತೆ.

ಬಾಯಿ ಗಟ್ಟಿಯಾಯಿತು, ಆದರೆ ಜೀಪಿನ ಕೆಲಸ ಸಡಿಲಾಯಿತು. ಹೈದರ್ ಒಂದು ಟೇಪ್ ರೆಕಾರ್ಡರ್ ತಂದ. ರೈಗಳನ್ನು ಒಂದು ಮಧ್ಯಾಹ್ನ ಕೂರಿಸಿ, ಇರುವ ಬಾಡಿಗೆಗಳಿಗೆಲ್ಲ ಬೇಕಾದ ಮಾತು ಹೇಳಿಸಿಕೊಂಡ. ಆಮೇಲೆ ಜೀಪು ಹೋಗುತ್ತಿತ್ತು, ಸ್ವರವೂ ಹೋಗುತ್ತಿತ್ತು, ರೈಗಳು ಮನೆಯಲ್ಲಿರುತ್ತಿದ್ದರು. ತಮ್ಮದೇ ಸ್ವರ ರಸ್ತೆಯಲ್ಲಿ ಹಾದುಹೋದಾಗ ಅವರು ಕಿಟಕಿಯಿಂದ ನೋಡಿ, ಒತ್ತು ಸರಿಯಾಗಿದೆ ಎಂದು ತಲೆಯಲ್ಲಾಡಿಸುತ್ತಿದ್ದರು. ಕ್ಯಾಸೆಟ್ಟಿಗೆ ಆಗದ ಕೆಲಸ ಒಂದೇ ಉಳಿದಿತ್ತು. ವಾಲಿಬಾಲ್ ಪಂದ್ಯದ ವಿವರಣೆ. ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಿಸಿಕೊಂಡು ಇಡಲು ಬರುವುದಿಲ್ಲವಲ್ಲ. ಸುಳ್ಯದ ಸುತ್ತ ಊರೂರಿಗೆ ತಂಡಗಳು, ಊರೂರಿಗೆ ಪಂದ್ಯ. ಚೆಂಡು ನೆಲ ಮುಟ್ಟುವ ಮೊದಲು ಮಾತು ಮುಟ್ಟಬೇಕು, ಅಷ್ಟು ವೇಗ ಬೇಕು. ಆ ವೇಗಕ್ಕೆ ರೈಗಳ ದವಡೆ ಒಮ್ಮೆಯೂ ತಪ್ಪಲಿಲ್ಲ.

ಎಂಬತ್ತೊಂಬತ್ತರ ಬೇಸಗೆಯಲ್ಲಿ ಕಲ್ಲುಗುಂಡಿಯಲ್ಲಿ ದೊಡ್ಡ ಪಂದ್ಯಾಟ. ತವರಿನ ಹುಡುಗರೂ ಆಡುತ್ತಾರೆಂದು ದಮಯಂತಿ ಜೊತೆಗೆ ಬಂದಳು. ಗಂಡ ಮೈಕಿನಲ್ಲಿ ಮಾತಾಡುವುದನ್ನು ಎದುರಿಗೆ ಕುಳಿತು ಅವಳು ಕೇಳಿದ್ದು ಅದೇ ಮೊದಲು. ಅದುವರೆಗೆ ಕೇಳಿದ್ದೆಲ್ಲ ಅಡಿಗೆಕೋಣೆಯಿಂದ, ರಸ್ತೆಯಲ್ಲಿ ಹಾದುಹೋಗುವಾಗ. ಸಂಪಾಜೆಯ ಹುಡುಗರು ಗೆದ್ದರು, ಆಲೆಟ್ಟಿಯವರು ಸೋತರು, ರೈಗಳಿಗೆ ಒಂದು ಶಾಲು ಸಿಕ್ಕಿತು. ಮಡಿಕೇರಿಯಿಂದ ಬರುವ ಬಸ್ಸಿಗೆ ಕಾಯುತ್ತ ಇಬ್ಬರೂ ಅಂಗಡಿಯ ಜಗಲಿಯಲ್ಲಿ ಕುಳಿತು ಹುರಿದ ನೆಲಗಡಲೆ ತಿಂದರು.

"ಹೇಗಿತ್ತು?" ಎಂದು ರೈಗಳು ಕೇಳಿದರು.

ದಮಯಂತಿ ಕಡಲೆಯ ಸಿಪ್ಪೆ ಊದಿದಳು. "ಚೆಂಡು ಬಿದ್ದ ಮೇಲೂ ನಿಮ್ಮ ಮಾತು ನಿಲ್ಲುದಿಲ್ಲ. ಅದೊಂದು ಬಿಟ್ರೆ ಅಡ್ಡಿಯಿಲ್ಲ."